ಗೋಸುಂಬೆ ಅಂಗಿಗೆ ಎಷ್ಟು ಚಿನ್ನ ಕೇಳಬೇಕು?

ನಾವು ಕೆಲವರು ಟೇಬಲ್ ಸುತ್ತ ಕೂತು, ದಾಳ ಹಾಕಿ ಪಾತ್ರಗಳ ಕಥೆ ನಡೆಸುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಥರದ ಆಟ ಆಡುತ್ತೇವೆ. ನಮ್ಮ ಟೇಬಲ್‌ನಲ್ಲಿ ರೋಗ್ ಆಡುವ ಗೆಳತಿ ಒಬ್ಬಳಿದ್ದಾಳೆ (ಕಾಯಿಲೆ ಅಲ್ಲ, ಕಳ್ಳತನದ ಪಾತ್ರ). ಒಂದು ದಿನ ಆಟದೊಳಗಿನ ಅಂಗಡಿಗೆ ನುಗ್ಗಿ, "ಗೋಡೆ ಪಕ್ಕ ನಿಂತರೆ ಗೋಡೆ ಬಣ್ಣ, ಪೊದೆ ಪಕ್ಕ ನಿಂತರೆ ಪೊದೆ ಬಣ್ಣ ಆಗುವ ಅಂಗಿ ಇದೆಯಾ?" ಎಂದು ಕೇಳಿದಳು. ಆಟ ನಡೆಸುವ ಡಿಎಂ ನಾನೇ. ಬಾಯಿಗೆ ಬಂದ ರೇಟು ಹೇಳಿದೆ, 1,000 ಚಿನ್ನದ ನಾಣ್ಯ. ಜೊತೆಗೆ ಸ್ಟೆಲ್ತ್‌ಗೆ, ಅಂದರೆ ಅವಿತುಕೊಳ್ಳಲು ಹಾಕುವ ದಾಳಕ್ಕೆ, +10 ಬೋನಸ್ ಕೊಟ್ಟುಬಿಟ್ಟೆ. ಮುಂದಿನ ನಾಲ್ಕು ವಾರ ಯಾವ ಕಾವಲುಗಾರನ ಕಣ್ಣಿಗೂ ಅವಳು ಬೀಳಲಿಲ್ಲ, ಉಳಿದ ಮೂವರು ಟೀ ಕುಡಿಯುತ್ತಾ ಕೂತಿದ್ದರು. ಆಮೇಲೆ ಲೆಕ್ಕ ಹಾಕಿದರೆ ಅದರ ನಿಜವಾದ ಬೆಲೆ ಹತ್ತು ಪಟ್ಟು!

ನೀವು ಹೀಗೆ ಮೋಸ ಹೋಗಬೇಡಿ.

ಮೊದಲು, ಬಟ್ಟೆ ಏನು ಮಾಡುತ್ತದೆ ಅಂತ ಒಂದು ಸಾಲು ಬರೆದುಕೊಳ್ಳಿ. ಸುಮ್ನೆ "ಮರೆಯಾಗುತ್ತಾಳೆ" ಅಂದರೆ ಸಾಲದು. ಬಣ್ಣ ಬದಲಿಸಿ ಅವಿತುಕೊಳ್ಳುವುದು ಬೇರೆ, ಕಾಣದೇ ಹೋಗುವುದು ಬೇರೆ.

ಬರೀ ಬಣ್ಣವಾದರೆ ಲೆಕ್ಕ ಸುಲಭ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 3.5 (2003) ಮತ್ತು ಅದರ ಬುಡದಿಂದ ಚಿಗುರಿದ ಪಾತ್‌ಫೈಂಡರ್ ಮೊದಲ ಆವೃತ್ತಿಯಲ್ಲಿ (2009) ಬೋನಸ್ಸನ್ನು ಅದರಿಂದಲೇ ಗುಣಿಸಿ, ಮತ್ತೆ 100ರಿಂದ ಗುಣಿಸುತ್ತಾರೆ. +5 ಅಂದರೆ 2,500. ಅವಿತುಕೊಳ್ಳಲು +5 ಕೊಡುವ ಮಾಯಾ ಮೇಲಂಗಿ ಎಲ್ವನ್‌ಕೈಂಡ್ ಕ್ಲೋಕ್‌ನ ಬೆಲೆ ಅಷ್ಟೇ. +10 ಅಂದರೆ 10,000. ಬೋನಸ್ ದುಪ್ಪಟ್ಟಾದರೆ ಬೆಲೆ ನಾಲ್ಕು ಪಟ್ಟು. ಇಪ್ಪತ್ತು ಮುಖದ ದಾಳದಲ್ಲಿ ಒಂದೊಂದು +1ಕ್ಕೂ ಶೇ 5ರಷ್ಟು ಅವಕಾಶ ಹೆಚ್ಚುತ್ತದೆ. +10 ಸಿಕ್ಕರೆ ಅರ್ಧ ದಾಳವೇ ನಿಮ್ಮದಾಯಿತು, ಅಲ್ವಾ?

ಎರಡನೇ ಶಕ್ತಿಯೂ ಬೇಕಾದರೆ, ಎರಡರಲ್ಲಿ ಅಗ್ಗದ್ದಕ್ಕೆ ಒಂದೂವರೆ ಪಟ್ಟು ಹಾಕಿ ಕೂಡಿಸಿ. ಪುಸ್ತಕದಲ್ಲಿರುವ ಗೋಸುಂಬೆ ಉಂಗುರ, ರಿಂಗ್ ಆಫ್ ಕಮೀಲಿಯನ್ ಪವರ್, ಬೆಲೆ 12,700. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಅಂತ ನನಗೆ ತುಂಬಾ ದಿನ ತಲೆಕೆಟ್ಟಿತ್ತು. ಬಿಡಿಸಿ ನೋಡಿ: ಅವಿತುಕೊಳ್ಳಲು +10, ಅದು 10,000. ವೇಷ ಬದಲಿಸುವ ಮಂತ್ರ ಒಂದನೇ ಮಟ್ಟದ್ದು, ಹಾಕುವವನೂ ಒಂದನೇ ಲೆವೆಲ್, ಮಾತು ಹೇಳಿದರೆ ಕೆಲಸ ಮಾಡುವುದಕ್ಕೆ ಮಂತ್ರದ ಮಟ್ಟ × ಹಾಕುವವನ ಲೆವೆಲ್ × 1,800, ಅಂದರೆ 1,800. ಅದರ ಒಂದೂವರೆ ಪಟ್ಟು 2,700. ಕೂಡಿಸಿದರೆ ಸರಿಯಾಗಿ 12,700.

ಇಷ್ಟು ನೋಡಿ ಸೂತ್ರವನ್ನು ಪೂರ್ತಿ ನಂಬಬೇಡಿ. ಕಾಣದಂತಾಗುವ ಮಂತ್ರ ಎರಡನೇ ಮಟ್ಟದ್ದು, ಹಾಕುವವನು ಮೂರನೇ ಲೆವೆಲ್. 2 × 3 × 1,800, ಅಂದರೆ 10,800. ಆದರೆ ಮಾಯವಾಗಿಸುವ ಉಂಗುರ ರಿಂಗ್ ಆಫ್ ಇನ್ವಿಸಿಬಿಲಿಟಿಗೆ ಪುಸ್ತಕದಲ್ಲಿ 20,000 ಇದೆ. ಯಾಕೆಂದರೆ ಬೇಕೆಂದಾಗಲೆಲ್ಲ ಮಾಯವಾಗುವವನ ಮುಂದೆ ಆಟವೇ ಬೇರೆ. ಹಾಗಾಗಿ ಅದೇ ಥರದ ವಸ್ತು ಪುಸ್ತಕದಲ್ಲಿದ್ದರೆ ಅದರ ಬೆಲೆಯೇ ಆಧಾರ. ದಿನಕ್ಕೆ ಮೂರೇ ಸಲ ಮಾಯವಾಗುವ ಅಂಗಿಯಾದರೆ ನಿಯಮದ ಪ್ರಕಾರ ಐದರಲ್ಲಿ ಮೂರು ಪಾಲು. ನಾನಾದರೆ 20,000ದಿಂದಲೇ ಹಿಡಿದು 12,000 ಕೇಳುತ್ತೇನೆ.

"ಕಾಡಲ್ಲಿ ಮಾತ್ರ ಕೆಲಸ ಮಾಡುತ್ತೆ, ಕಡಿಮೆ ಮಾಡಿ" ಅಂತ ಚೌಕಾಸಿ ಬರುತ್ತದೆ. ನಿಮ್ಮ ಕಥೆ ಆರು ತಿಂಗಳಿಂದ ಕಾಡಲ್ಲೇ ನಡೆಯುತ್ತಿದ್ದರೆ ಒಂದು ನಾಣ್ಯವೂ ಬಿಡಬೇಡಿ.

ಕೊನೆಗೆ ಜೇಬು ನೋಡಿ. ಪಾತ್‌ಫೈಂಡರ್‌ನಲ್ಲಿ 5ನೇ ಲೆವೆಲ್ ಪಾತ್ರದ ಒಟ್ಟು ಆಸ್ತಿ 10,500 ಇರಬೇಕು. ಆ ಲೆವೆಲ್‌ಗೆ ಹೊಸ ಪಾತ್ರ ಮಾಡುವಾಗ ಒಂದೇ ವಸ್ತುವಿಗೆ ಅರ್ಧಕ್ಕಿಂತ ಜಾಸ್ತಿ ಸುರಿಯಬಾರದು, ಅಂದರೆ 5,250. ಅದರೊಳಗೆ +7 ಅಂಗಿ ಬರುತ್ತದೆ, 4,900.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿ ಆಡುವವರಿಗೆ ಈ ಗುಣಾಕಾರ ಇಲ್ಲ. ಅಲ್ಲಿ ವಸ್ತು ಎಷ್ಟು ಅಪರೂಪ ಅನ್ನುವ ದರ್ಜೆ ನೋಡುತ್ತಾರೆ, ಎಲ್ವನ್‌ಕೈಂಡ್ ಕ್ಲೋಕ್ 'ಅನ್‌ಕಾಮನ್'. 2014ರ ಪುಸ್ತಕದಲ್ಲಿ ಆ ದರ್ಜೆಗೆ 101ರಿಂದ 500, 2024ರಲ್ಲಿ 400. ಅಗ್ಗ ಅನಿಸುತ್ತದೆ, ಆದರೆ ಅಟ್ಯೂನ್‌ಮೆಂಟ್ ಬೇಕು, ಅಂದರೆ ಪಾತ್ರ ಆ ವಸ್ತುವಿನ ಜೊತೆ ಮಾಯದ ನಂಟು ಬೆಸೆದುಕೊಳ್ಳಬೇಕು. ಒಬ್ಬರಿಗೆ ಅಂಥವು ಮೂರೇ.

ನಮ್ಮವಳ ಅಂಗಿ ಏನಾಯಿತು ಅಂದರೆ, ಮೊದಲ ಒಗೆತಕ್ಕೇ ಬಣ್ಣ ಬಿಟ್ಟು +7ಕ್ಕೆ ಇಳಿಯಿತು. ಬಾಕಿ 3,900 ವಸೂಲಿಗೆ ಅಂಗಡಿಯವನು ಮುಂದಿನ ಊರಿನ ಹೆಬ್ಬಾಗಿಲಲ್ಲಿ ಕಾಯುತ್ತಿದ್ದಾನೆ. ಅವಳಿಗಿನ್ನೂ ಗೊತ್ತಿಲ್ಲ.