ಎರ್ಲಡ್ಡು ಉಳಿಸುವ ಕೆಲಸಕ್ಕೆ ಸೇರುವುದು ಹೇಗೆ?

ಅಳಿವಿನಂಚಿನಲ್ಲಿರುವ ಎರ್ಲಡ್ಡು ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಅಂದರೆ ಹೆಚ್ಚಿನವರಿಗೆ ರಾಜಸ್ಥಾನದ ಮರುಭೂಮಿ ನೆನಪಾಗುತ್ತದೆ. ಜೈಸಲ್ಮೇರ್ ಬಳಿಯ ಸಮ್‌ನಲ್ಲಿ 2019ರಿಂದ ಇದರ ಮರಿಗಳನ್ನು ಸಾಕುತ್ತಿದ್ದಾರೆ. ಆದರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆ (ಕಪ್ಪು ಮಣ್ಣಿನ) ಹೊಲಗಳೂ ಈ ಹಕ್ಕಿಯ ನೆಲೆಯೇ. ಸ್ವಯಂಸೇವೆ ಮಾಡಲು ಅಷ್ಟು ದೂರದ ರೈಲು ಹತ್ತಬೇಕಿಲ್ಲ.

ಮೊದಲು ಅನುಮತಿ. ಬಳ್ಳಾರಿಯ ಉಪ ಅರಣ್ಯ ಸಂರಕ್ಷಣಾಧಿಕಾರಿ ಕಚೇರಿಗೆ ಅರ್ಜಿ ಕೊಡಿ. ಯಾವ ವಾರ ಬಿಡುವಿದೆ, ಬೈಕ್ ಇದೆಯಾ, ತೆಲುಗು ಬರುತ್ತಾ ಎಂದೂ ಬರೆಯಿರಿ. ಗಡಿ ಹಳ್ಳಿಗಳಲ್ಲಿ ತೆಲುಗು ಜಾಸ್ತಿ ಕೆಲಸಕ್ಕೆ ಬರುತ್ತದೆ.

ಉತ್ತರ ಬರುವಷ್ಟರಲ್ಲಿ ಕಣ್ಣು ಪಳಗಿಸಿಕೊಳ್ಳಿ. ಊರ ಕೆರೆ, ಹೊಲದ ಹಕ್ಕಿಗಳನ್ನು ಇ-ಬರ್ಡ್ ಆ್ಯಪ್‌ನಲ್ಲಿ ದಾಖಲಿಸುತ್ತಾ ಹೋದರೆ ಸಾಕು.

ಮೂರನೆಯದು ಮಾತುಕತೆ. ನನ್ನ ಪ್ರಕಾರ ಇದೇ ದೊಡ್ಡ ಕೆಲಸ, ಬೈನಾಕ್ಯುಲರ್ ಆಮೇಲೆ. ದಿನವಿಡೀ ಬಯಲಲ್ಲಿರುವವರು ಕುರಿ ಕಾಯುವವರು, ಜೋಳ, ಕಡಲೆ ಬೆಳೆಯುವ ರೈತರು. ಫೋಟೊ ಮೊದಲೇ ತೋರಿಸಬೇಡಿ. ತೋರಿಸಿದರೆ ನಿಮ್ಮನ್ನು ಖುಷಿಪಡಿಸಲು ‘ಹೂಂ, ಇದೇ’ ಅಂದುಬಿಡುತ್ತಾರೆ. ‘ಯಜಮಾನ್ರೇ, ಈ ಕಡೆ ದೊಡ್ಡ ಹಕ್ಕಿ ಏನಾದ್ರೂ ಬರ್ತಾವಾ?’ ಎಂದು ಕೇಳಿ ಸುಮ್ನೆ ಕೂತುಬಿಡಿ. ಸುಮಾರು ಮೀಟರ್ ಎತ್ತರ, ಬಿಳಿ ಕತ್ತು, ತಲೆಯ ಮೇಲೆ ಕಪ್ಪು ಟೋಪಿ ಎಂದು ಅವರೇ ಹೇಳಿದರೆ ಅದಕ್ಕೆ ತೂಕವಿದೆ. ಎರ್ಲಡ್ಡುವಿಗೇ ಇರುವ ‘ದೊರವಾಯನ ಹಕ್ಕಿ’ ಎಂಬ ಇನ್ನೊಂದು ಹೆಸರೂ ಕಿವಿಗೆ ಬೀಳಬಹುದು. ಹೆಣ್ಣು ನವಿಲನ್ನು ಕಂಡವರೂ ಇರುತ್ತಾರೆ, ಹುಷಾರು.

ನಾಲ್ಕನೆಯದು ಕರೆಂಟ್ ತಂತಿಯ ಕೆಳಗೆ ನಡೆಯುವುದು. ಈ ಹಕ್ಕಿಗೆ ಕಣ್ಣು ಪಕ್ಕಕ್ಕಿವೆ, ಎದುರಿನ ನೋಟ ಕಡಿಮೆ. ಗಂಡು ಹಕ್ಕಿ 15 ಕೆ.ಜಿ.ವರೆಗೂ ತೂಗಬಹುದು. ತಂತಿ ಕಂಡರೂ ತಕ್ಷಣ ತಿರುಗಲು ಆಗದೆ ಬಡಿದು ಸಾಯುತ್ತದೆ. ಸತ್ತ ಹಕ್ಕಿ, ಗರಿ ಸಿಕ್ಕರೆ ಮುಟ್ಟಬೇಡಿ. ಫೋಟೊ, ಕಂಬದ ನಂಬರ್, ಜಾಗ ಬರೆದುಕೊಂಡು ಅರಣ್ಯ ಇಲಾಖೆಗೆ ತಿಳಿಸಿ. ಗರಿಯನ್ನು ನೆನಪಿಗೆಂದು ಮನೆಗೆ ಒಯ್ಯುವುದೂ ಅಪರಾಧ. ತಂತಿ ಹರಿದು ಬಿದ್ದಿದ್ದರೆ ದೂರ ನಿಂತು ವಿದ್ಯುತ್ ಕಂಪನಿ ಜೆಸ್ಕಾಂಗೆ ಫೋನ್ ಮಾಡಿ.

ಏನೂ ಕಾಣದ ದಿನವೇ ಜಾಸ್ತಿ. ಆದರೂ ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತು ನಡೆದಿರಿ ಎಂದು ಬರೆದು ‘ಸೊನ್ನೆ’ ದಾಖಲಿಸಿ. ಎಲ್ಲಿ ಹಕ್ಕಿ ಇಲ್ಲ ಎಂದು ಗೊತ್ತಾಗುವುದು ಹೀಗೇ ಅಲ್ವಾ?

ಹಕ್ಕಿ ಕಂಡೇಬಿಟ್ಟರೆ ಹತ್ತಿರ ಹೋಗಬೇಡಿ. ಇದು ನೆಲದ ಮೇಲೆಯೇ ಮೊಟ್ಟೆ ಇಡುತ್ತದೆ, ಅದೂ ಸಾಮಾನ್ಯವಾಗಿ ಒಂದೇ. ನೀವು ಎಬ್ಬಿಸಿದರೆ ಆ ಮೊಟ್ಟೆ ನಾಯಿಗೋ ಕಾಗೆಗೋ ಸಿಗುತ್ತದೆ. ಡ್ರೋನ್ ಬೇಡವೇ ಬೇಡ. ಜಾಗದ ಹೆಸರನ್ನು ವಾಟ್ಸ್‌ಆ್ಯಪ್ ಗ್ರೂಪಿಗೂ ಹಾಕಬೇಡಿ, ಇಲಾಖೆಗಷ್ಟೇ ಹೇಳಿ.

ಬಟ್ಟೆ ಮಣ್ಣಿನ ಬಣ್ಣದ್ದಿರಲಿ. ನೀರು ಎರಡು ಬಾಟಲಿ, ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳಿ. ಮಳೆ ಬಂದ ಮರುದಿನ ಮಾತ್ರ ಹೋಗಬೇಡಿ, ಎರೆ ಮಣ್ಣಲ್ಲಿ ಬೈಕ್ ಹೂತರೆ ಎಳೆಯಲು ಎತ್ತೇ ಬೇಕು.