ಕಯೋಟಿ ಬೇಟೆಗೆ ಯಾವ ಕ್ಯಾಲಿಬರ್? ನಾನು .223ಕ್ಕೆ ಬಂದು ನಿಂತ ಕಥೆ

ಟೆಕ್ಸಾಸ್‌ನ ಯಾವುದೇ ಕೋವಿ ಅಂಗಡಿಗೆ ಹೋಗಿ ಕಯೋಟಿಗೆ (ನಮ್ಮ ಗುಳ್ಳೆನರಿಯನ್ನು ಹೋಲುವ ಅಮೆರಿಕದ ಕಾಡುಪ್ರಾಣಿ) ಯಾವ ರೈಫಲ್ ಒಳ್ಳೇದು ಅಂತ ಕೇಳಿ ನೋಡಿ. ಕೌಂಟರಿನವನು ಒಂದು ಹೇಳುತ್ತಾನೆ, ಪಕ್ಕದಲ್ಲಿ ತೋಟಾ ಕೊಳ್ಳೋಕೆ ನಿಂತವನು ಇನ್ನೊಂದು ಹೇಳುತ್ತಾನೆ. ಅವರವರ ಜಾಗಕ್ಕೆ ಇಬ್ಬರೂ ಸರಿಯೇ. ಆದರೆ ನಿಮ್ಮ ಜಾಗ ಎಂಥದ್ದು ಅಂತ ಇಬ್ಬರೂ ಕೇಳುವುದಿಲ್ಲ.

ನಾನು ಕೊಡಗಿನವನು. ಮನೆಯಲ್ಲಿ ಹನ್ನೆರಡು ಬೋರಿನ ಜೋಡಿ ನಳಿಗೆ ಕೋವಿ ಇತ್ತು, ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುರಿ ಇಟ್ಟು ಬೆಳೆದವನು. ರೈಫಲ್ ಕೈಗೆ ಬಂದದ್ದು ಮಾತ್ರ ಇಲ್ಲಿಗೆ ಬಂದ ಮೇಲೆ, ಗ್ರೀನ್ ಕಾರ್ಡ್ ಸಿಕ್ಕಿದ ನಂತರ. (ಎಚ್-1ಬಿಯಲ್ಲಿ ಇರುವವರು ಸುಮ್ನೆ ಹೋಗಿ ಕೋವಿ ಕೊಳ್ಳುವ ಹಾಗಿಲ್ಲ. ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ, ಆದರೂ ವಕೀಲರನ್ನು ಕೇಳಿಯೇ ಮುಂದುವರಿಯಿರಿ.) ಊರಿನಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಅಲ್ಲಿನ ಗುಳ್ಳೆನರಿಗೆ ಕೋವಿ ಎತ್ತುವ ಮಾತೇ ಇಲ್ಲ. ನಾನು ಬರೆಯುತ್ತಿರುವುದು ಪೂರ್ತಿ ಟೆಕ್ಸಾಸ್ ಸಂಗತಿ. ಇಲ್ಲಿ ಕಯೋಟಿಗೆ ಸೀಸನ್ ಅಂತ ಇಲ್ಲ, ವರ್ಷವಿಡೀ ಹೊಡೆಯಬಹುದು.

ನಾನು ಹೋಗುವುದು ಜಂಕ್ಷನ್ ಅನ್ನುವ ಪಟ್ಟಣದ ಹತ್ತಿರ, ಪರಿಚಯದವರೊಬ್ಬರ ಮೇಕೆ ರಾಂಚಿಗೆ (ಮೇಕೆ ಸಾಕುವ ದೊಡ್ಡ ಜಮೀನು). ಆ ಕಡೆಯೆಲ್ಲ ಕುರಿ ಮೇಕೆಯ ಸೀಮೆ. ಮರಿ ಹಾಕುವ ಕಾಲಕ್ಕೆ ಕಯೋಟಿ ಕಾಟ ಶುರುವಾಗುತ್ತದೆ. ಗಂಟಲಿಗೇ ಬಾಯಿ ಹಾಕುತ್ತದೆ, ಬೆಳಗ್ಗೆ ಹೋಗಿ ನೋಡಿದರೆ ಕತ್ತಿನ ಕೆಳಗೆ ಹಲ್ಲಿನ ತೂತು, ಒಳಗೆಲ್ಲ ರಕ್ತ ಹೆಪ್ಪುಗಟ್ಟಿರುತ್ತದೆ.

ಈಗ ಕ್ಯಾಲಿಬರ್ ವಿಷಯ, ಅಂದ್ರೆ ಗುಂಡಿನ ದಪ್ಪದ ಅಳತೆ (.223, .243 ಅನ್ನುವ ಹೆಸರು ಹೆಚ್ಚುಕಡಿಮೆ ಅದೇ, ಅಂಗುಲದಲ್ಲಿ). ಕಯೋಟಿ ದೊಡ್ಡ ಪ್ರಾಣಿ ಅಲ್ಲ. ಇಲ್ಲಿಯವು ಹೆಚ್ಚಾಗಿ 25ರಿಂದ 35 ಪೌಂಡ್ ತೂಗುತ್ತವೆ. ಚಳಿಗಾಲದಲ್ಲಿ ದಪ್ಪಗೆ ಕಾಣುವುದು ಬರೀ ಕೂದಲು. ಎದೆಯಲ್ಲಿ ಗುಂಡು ಬೀಳಬೇಕಾದ ಜಾಗ ಐದಾರು ಅಂಗುಲ, ಅಷ್ಟೇ. ಕೊಲ್ಲೋಕೆ ಭಾರೀ ಶಕ್ತಿ ಬೇಕಿಲ್ಲ. ಆ ಐದಾರು ಅಂಗುಲದೊಳಗೆ, ಗಾಳಿಯಲ್ಲಿ, ಓಡಿ ಬಂದು ಅರೆಕ್ಷಣ ನಿಲ್ಲುವ ಪ್ರಾಣಿಗೆ ಗುಂಡು ಮುಟ್ಟಿಸುವುದೇ ಕಷ್ಟದ ಕೆಲಸ.

ನನ್ನ ಹತ್ತಿರ ಮೊದಲೇ ಇದ್ದದ್ದು ಜಿಂಕೆಗೆ ಅಂತ ತಗೊಂಡ .243 ವಿಂಚೆಸ್ಟರ್. ರಾಂಚಿನವರ ಹತ್ತಿರ .22-250 ಇತ್ತು, ಅದನ್ನೂ ಸಾಕಷ್ಟು ಬಳಸಿದೆ. .223 ಆಮೇಲೆ ಬಂತು. ಮೂರನ್ನೂ ಒಂದೇ ಜಾಗದಲ್ಲಿ ಬಳಸಿದ್ದರಿಂದ ವ್ಯತ್ಯಾಸ ಚೆನ್ನಾಗಿ ಗೊತ್ತಾಯಿತು.

.22-250 ವೇಗದ ಹುಚ್ಚರಿಗೆ. ರೆಮಿಂಗ್ಟನ್ 1965ರಲ್ಲಿ ಅದನ್ನು ಕಾರ್ಖಾನೆ ತೋಟಾ ಮಾಡುವ ಮೊದಲೇ ಜನ ಮನೆಯಲ್ಲಿ .250 ಸ್ಯಾವೇಜ್ ತೋಟಾದ ಕತ್ತು ಕಿರಿದು ಮಾಡಿಕೊಂಡು ವರ್ಷಗಟ್ಟಲೆ ಹೊಡೆಯುತ್ತಿದ್ದರು. 55 ಗ್ರೇನ್ (ಗುಂಡಿನ ತೂಕದ ಅಳತೆ, ಒಂದು ಗ್ರಾಮಿಗೆ ಸುಮಾರು 15 ಗ್ರೇನ್) ಗುಂಡು ಸೆಕೆಂಡಿಗೆ 3,680 ಅಡಿಯ ಆಸುಪಾಸಿನಲ್ಲಿ ಹೊರಡುತ್ತದೆ. ಅದೇ 55 ಗ್ರೇನ್ ಗುಂಡು .223ರಲ್ಲಿ 3,240 ಅಡಿ. ಗಮನಿಸಿ, ಎರಡರಲ್ಲೂ ಗುಂಡಿನ ದಪ್ಪ ಒಂದೇ, .224 ಅಂಗುಲ. ಹಿಂದೆ ತುಂಬುವ ಮದ್ದು ಮಾತ್ರ ಜಾಸ್ತಿ ಕಡಿಮೆ.

ಇದರಿಂದ ಎಷ್ಟು ಫರಕ್ಕು? 200 ಗಜಕ್ಕೆ ಝೀರೋ ಮಾಡಿದರೆ (ಆ ದೂರದಲ್ಲಿ ಗುರಿ ಇಟ್ಟ ಕಡೆಯೇ ಗುಂಡು ಬೀಳುವ ಹಾಗೆ ಕೋವಿ ಮೇಲಿನ ಸ್ಕೋಪನ್ನು, ಅಂದ್ರೆ ಗುರಿ ನೋಡುವ ದುರ್ಬೀನನ್ನು, ಹೊಂದಿಸಿದರೆ) 300 ಗಜದಲ್ಲಿ .223 ಸುಮಾರು ಏಳು ಅಂಗುಲ ಕೆಳಗೆ ಬೀಳುತ್ತದೆ, .22-250 ಐದು ಅಂಗುಲ. ಎರಡು ಅಂಗುಲದ ಮಾತು, ಅದೂ 300 ಗಜದಲ್ಲಿ. ಅದಕ್ಕೆ ತೆರುವ ಬೆಲೆ ಏನಪ್ಪಾ ಅಂದ್ರೆ ನಳಿಗೆ ಬೇಗ ಸವೆಯುತ್ತದೆ, ಸದ್ದು ಜಾಸ್ತಿ, ತೋಟಾ ದುಬಾರಿ. ಹಳೇ .22-250 ನಳಿಗೆಗಳು ಹೆಚ್ಚಾಗಿ 14 ಅಂಗುಲಕ್ಕೆ ಒಂದು ಸುತ್ತಿನ ಟ್ವಿಸ್ಟಿನವು (ಗುಂಡು ತಿರುಗಲೆಂದು ನಳಿಗೆಯೊಳಗೆ ಕೊರೆದ ಸುರುಳಿ ಗೀರು), ಭಾರದ ಉದ್ದ ಗುಂಡು ಹಾಕಿದರೆ ಅದು ಸರಿಯಾಗಿ ತಿರುಗದೆ ಅಡ್ಡಾದಿಡ್ಡಿ ಹೋಗುತ್ತದೆ. ರಾಂಚಿನವರದ್ದು ಅದೇ ಥರದ್ದು.

ಜಂಕ್ಷನ್ ಕಡೆ ನೆಲ ಹೇಗಿದೆ ಅಂದ್ರೆ ಎಲ್ಲಿ ನೋಡಿದರೂ ಸೀಡರ್ ಪೊದೆ, ಲೈವ್ ಓಕ್, ಮಧ್ಯೆ ಮೆಸ್ಕೀಟ್ (ನಮ್ಮ ಬಳ್ಳಾರಿ ಜಾಲಿಯ ದಾಯಾದಿ, ಮುಳ್ಳು ನೋಡಿದರೇ ಗೊತ್ತಾಗುತ್ತೆ). ಮೊಲ ಕಿರುಚುವ ಸದ್ದು ಮಾಡಿ ಕಯೋಟಿಯನ್ನು ಕರೆಯುವ ಎಲೆಕ್ಟ್ರಾನಿಕ್ ಯಂತ್ರ ಇಟ್ಟು ಕೂತರೆ ಕಯೋಟಿ ಪೊದೆಯಿಂದ ಹೊರಗೆ ಬಂದು ಕಾಣುವ ಹೊತ್ತಿಗೆ ಎಷ್ಟೋ ಸಲ ನೂರು ಗಜದೊಳಗೆ ಬಂದುಬಿಟ್ಟಿರುತ್ತದೆ. 200 ಗಜ ದಾಟಿದ ಹೊಡೆತ ಅಲ್ಲಿ ಅಪರೂಪ. ಇನ್ನೊಂದು, ಕಯೋಟಿ ನೇರ ಸದ್ದಿನ ಹತ್ತಿರ ಬರುವುದಿಲ್ಲ, ಸುತ್ತು ಹಾಕಿ ಗಾಳಿ ಹೋಗುವ ಕಡೆಯಿಂದ ವಾಸನೆ ಹಿಡಿಯಲು ನೋಡುತ್ತದೆ. ಹಾಗಾಗಿ ನಾನು ಹೊಡೆಯುವ ಹೊತ್ತಿಗೆ ಗಾಳಿ ಹೆಚ್ಚಾಗಿ ನನ್ನ ಬೆನ್ನಿಗಿರುತ್ತದೆ, ಗುಂಡನ್ನು ಪಕ್ಕಕ್ಕೆ ತಳ್ಳುವುದೇ ಕಡಿಮೆ. ಇಂಥ ಜಾಗದಲ್ಲಿ .22-250ರ ಆ ಹೆಚ್ಚುವರಿ ವೇಗ ನನ್ನ ಯಾವ ಕೆಲಸಕ್ಕೂ ಬರಲಿಲ್ಲ.

.243ರದ್ದು ಬೇರೆ ತಕರಾರು. ಕಯೋಟಿಗೆ ಅಂತ 58 ಗ್ರೇನ್ ಗುಂಡು ಸಿಗುತ್ತದೆ, 3,900 ಅಡಿ ವೇಗ, ಸಿಡಿಲು ಬಡಿದ ಹಾಗೆ ಬೀಳಿಸುತ್ತದೆ. ಆದರೆ ಹಿಂದಕ್ಕೆ ಒದೆಯುವುದು .223ಗಿಂತ ಎಷ್ಟೋ ಜಾಸ್ತಿ. ಭುಜಕ್ಕೆ ನೋವೇನಿಲ್ಲ, ವಿಷಯ ಅದಲ್ಲ. ಟ್ರಿಗರ್ ಎಳೆದ ಕೂಡಲೇ ಸ್ಕೋಪು ಮೇಲೆ ಹಾರುತ್ತದೆ, ಗುಂಡು ಎಲ್ಲಿ ಬಿತ್ತು ಅಂತ ಕಾಣುವುದಿಲ್ಲ. .223ರಲ್ಲಿ ಗುಂಡು ತಗುಲಿದ ಕಡೆ ಕೂದಲು ಅಲುಗುವುದು, ತಪ್ಪಿದರೆ ಹಿಂದೆ ಮಣ್ಣು ಏಳುವುದು, ಎಲ್ಲ ಸ್ಕೋಪಿನಲ್ಲೇ ಕಾಣುತ್ತದೆ. ಕಯೋಟಿಗಳು ಒಮ್ಮೊಮ್ಮೆ ಜೋಡಿಯಾಗಿ ಬರುತ್ತವೆ, ಮೊದಲನೆಯದು ಬಿತ್ತೋ ಇಲ್ಲವೋ ಅಂತ ಆಗಲೇ ಗೊತ್ತಾದರೆ ಎರಡನೆಯದಕ್ಕೆ ಸಮಯ ಸಿಗುತ್ತದೆ.

ಜಿಂಕೆಯ 100 ಗ್ರೇನ್ ತೋಟಾವನ್ನೇ ಕಯೋಟಿಗೂ ಹೊಡೆದರೆ ಆಯ್ತಲ್ಲ ಅನ್ನುವವರಿದ್ದಾರೆ. ಸಾಯುತ್ತದೆ, ನಿಜ. ಗುಂಡು ಆಚೆಯಿಂದ ಹೊರಟು ಮುಂದೆ ಹೋಗುತ್ತದೆ ಅನ್ನೋದೇ ನನಗೆ ಆಗಿಬರದ್ದು. ಮೇಕೆಗಳ ಜೊತೆ ಬಿಳಿ ಗ್ರೇಟ್ ಪಿರನೀಸ್ ಕಾವಲು ನಾಯಿಗಳು ಇರುತ್ತವೆ, ಪೊದೆ ಹಿಂದೆ ಏನಿದೆ ಅಂತ ಕಾಣಲ್ಲ. ತುದಿಯಲ್ಲಿ ಕೆಂಪು ಪ್ಲಾಸ್ಟಿಕ್ ಮೊನೆ ಇರುವ ವಿ-ಮ್ಯಾಕ್ಸ್ ಥರದ ಗುಂಡು ಒಳಗೇ ಪುಡಿಯಾಗುತ್ತದೆ, ನೆಲಕ್ಕೆ ಬಿದ್ದರೂ ಚಿಮ್ಮಿ ಹೋಗುವ ಸಾಧ್ಯತೆ ಕಡಿಮೆ. ಹಾಗಂತ ಹಿಂದೆ ಮಣ್ಣಿನ ಗುಡ್ಡೆ ನೋಡಿಕೊಳ್ಳದೆ ಹೊಡೆಯುವ ಹಾಗಿಲ್ಲ.

ಸಣ್ಣ ಕ್ಯಾಲಿಬರಿನವರೂ ಇದ್ದಾರೆ. .17 ಎಚ್‌ಎಂಆರ್ ಮೊಲಕ್ಕೆ ಸರಿ, ಕಯೋಟಿಗೆ ಬೇಡವೇ ಬೇಡ, ಗಾಯಗೊಂಡು ಓಡಿಹೋದರೆ ಹುಡುಕುವುದು ಯಾರು? .204 ರೂಗರ್ ಒಳ್ಳೇದೇ, ಚರ್ಮ ಹರಿಯಬಾರದು ಅನ್ನುವವರಿಗೆ ಇಷ್ಟ. ನನಗೆ ಚರ್ಮದ ವ್ಯಾಪಾರ ಇಲ್ಲ.

ಕೊನೆಗೆ ನಾನು ತಗೊಂಡದ್ದು ಬೋಲ್ಟ್ ಆ್ಯಕ್ಷನ್ (ಪ್ರತಿ ಗುಂಡಿಗೂ ಕೈಯಿಂದ ಚಿಲಕ ಎಳೆಯುವ) .223, 8 ಅಂಗುಲಕ್ಕೆ ಒಂದು ಸುತ್ತಿನ ನಳಿಗೆ. ಹಗುರ 50 ಗ್ರೇನಿನಿಂದ ಭಾರದ 75ರವರೆಗೆ ಎಲ್ಲವನ್ನೂ ಹೊಡೆಯುತ್ತದೆ. ತೋಟಾ ಎಲ್ಲಾ ಅಂಗಡಿಯಲ್ಲೂ ಸಿಗುತ್ತದೆ, ಅಗ್ಗ. ಅಗ್ಗ ಅನ್ನೋದು ಸಣ್ಣ ಮಾತಲ್ಲ. .243ಗೆ ಬಾಕ್ಸ್ ಖಾಲಿ ಆಗುತ್ತೆ ಅಂತ ಕೈ ಬಿಗಿಹಿಡಿದು ಅಭ್ಯಾಸ ಮಾಡುತ್ತಿದ್ದೆ. .223ರಲ್ಲಿ ನೆಲದ ಮೇಲೆ ಕೂತು, ಎರಡು ಕೋಲಿನ ಆಸರೆ ಮೇಲೆ ಕೋವಿ ಇಟ್ಟು, ಕಾಗದದ ತಟ್ಟೆಗೆ ಮನಸಾರೆ ಹೊಡೆಯುತ್ತೇನೆ. ಬೇಟೆಯಲ್ಲಿ ಹೊಡೆಯೋದು ಹಾಗೇ ಅಲ್ವಾ, ಬೆಂಚಿನ ಮೇಲೆ ಅಲ್ಲ. ಒಂದು ಎಚ್ಚರಿಕೆ: ನಳಿಗೆ ಮೇಲೆ .223 ಅಂತ ಮಾತ್ರ ಇದ್ದರೆ ಮಿಲಿಟರಿಯವರು ಬಳಸುವ 5.56 ತೋಟಾ ಹಾಕಬೇಡಿ. ನೋಡೋಕೆ ಒಂದೇ ಥರ, ಆದರೆ 5.56ರ ಒತ್ತಡ ಜಾಸ್ತಿ.

ಉತ್ತರಕ್ಕೆ ಪ್ಯಾನ್‌ಹ್ಯಾಂಡಲ್ (ಟೆಕ್ಸಾಸ್‌ನ ಉತ್ತರ ತುದಿ) ಕಡೆ ಹೋದರೆ ಈ ಲೆಕ್ಕವೆಲ್ಲ ಬದಲಾಗುತ್ತದೆ. ಬಯಲು, ಗೋಧಿ ಹೊಲ, ಕಣ್ಣು ಹಾಯುವವರೆಗೂ ಒಂದು ಪೊದೆ ಇಲ್ಲ, ಗಾಳಿಯಂತೂ ನಿಲ್ಲುವುದೇ ಇಲ್ಲ. ಗಂಟೆಗೆ 10 ಮೈಲಿಯ ಅಡ್ಡಗಾಳಿ 300 ಗಜದಲ್ಲಿ .223ರ 55 ಗ್ರೇನ್ ಗುಂಡನ್ನು ಸುಮಾರು ಒಂದು ಅಡಿ ಪಕ್ಕಕ್ಕೆ ಒಯ್ಯುತ್ತದೆ. ಐದಾರು ಅಂಗುಲದ ಗುರಿಗೆ ಒಂದಡಿ! ಅಲ್ಲಿಗೆ ನಾನು .243 ಒಯ್ಯುತ್ತೇನೆ, ಅದರ ಗುಂಡು ಗಾಳಿಗೆ ಅಷ್ಟು ಸರಿಯುವುದಿಲ್ಲ.

ಒಂದೇ ಕೋವಿ ಕೊಳ್ಳೋಕೆ ಆಗೋದು, ಜಿಂಕೆಗೂ ಅದೇ ಬೇಕು ಅನ್ನುವವರಿಗೂ .243 ಅಂತಲೇ ಹೇಳುತ್ತೇನೆ. ಆದರೆ ಜಿಂಕೆ ತೋಟಾದಿಂದ ಕಯೋಟಿ ತೋಟಾಕ್ಕೆ ಬದಲಾಯಿಸಿದಾಗೆಲ್ಲ ಮತ್ತೆ ಝೀರೋ ನೋಡಿಕೊಳ್ಳಿ. ನನ್ನದರಲ್ಲಿ 100 ಗ್ರೇನಿಗೂ 58 ಗ್ರೇನಿಗೂ ಗುಂಡು ಬೀಳುವ ಜಾಗವೇ ಬೇರೆ, ಅದಕ್ಕೆ ಸ್ಕೋಪಿನ ಮುಚ್ಚಳದ ಒಳಗೆ ಎರಡಕ್ಕೂ ಸ್ಕೋಪಿನ ತಿರುಪು ಎಷ್ಟು ಕ್ಲಿಕ್ ತಿರುಗಿಸಬೇಕು ಅನ್ನೋ ಲೆಕ್ಕ ಬರೆದು ಅಂಟಿಸಿದ್ದೇನೆ.