ನಾಯಿಯ ಹೊರಸಿಗೆ ಹತ್ತಿದ ಕುಟ್ಟೆಹುಳುವನ್ನು ಬಿಸಿಲಿನಿಂದಲೇ ತೆಗೆದದ್ದು: ನನ್ನ ಅನುಭವ

ಎರಡು ಬೇಸಿಗೆ ಕಳೆದರೂ ನಾಯಿಗಳು ಮಲಗುವ ಹೊರಸುಗಳ (ಹಗ್ಗದ ಮಂಚಗಳ) ಕೆಳಗೆ ಹಾಸಿದ ಕರಿ ಹಾಳೆಯ ಮೇಲೆ, ಕಟ್ಟಿಗೆ ಕೊರೆಯುವ ಕುಟ್ಟೆಹುಳುವಿನ ಹೊಸ ಹಿಟ್ಟು ಉದುರಿಲ್ಲವಾದ್ದರಿಂದ ಇದನ್ನು ಬರೆಯುವ ಧೈರ್ಯ ಈಗ ಬಂದಿದೆ. ನಾನು ಮುಧೋಳದಲ್ಲಿ ಬಡಿಗತನ ಮಾಡುತ್ತೇನೆ. ಮನೆಯಲ್ಲಿ ಎರಡು ಮುಧೋಳ ನಾಯಿಗಳೂ ಒಂದು ಬೆಕ್ಕೂ ಇವೆ. ತೊಗಲು ತೆಳುವಾದ, ಮೈಯಲ್ಲಿ ಕೊಬ್ಬಿಲ್ಲದ ಈ ತಳಿಯನ್ನು ಬರೀ ಫರಶಿಯ ಮೇಲೆ ಮಲಗಿಸಿದರೆ ಮೊಣಕೈಗಳು ಗಂಟುಗಟ್ಟುತ್ತವೆ ಎಂಬುದು ಸಾಕಿದವರಿಗೆಲ್ಲ ಗೊತ್ತಿದೆ. ಅದಕ್ಕಾಗಿ ಗಿಡ್ಡ ಕಾಲಿನ ಹಗ್ಗದ ಹೊರಸುಗಳನ್ನು ಮಾಡಿ ಮಾರುತ್ತೇನೆ.

ಸುಮಾರು ನಾಲ್ಕು ವರ್ಷಗಳ ಹಿಂದೆ ಅಗ್ಗಕ್ಕೆ ಸಿಕ್ಕಿತೆಂದು ಮಾವಿನ ಪಟ್ಟಿ ಮತ್ತು ಜಾಲಿಯ ಕಾಲು ಹಾಕಿ ಹನ್ನೆರಡೋ ಹದಿನಾಲ್ಕೋ ಹೊರಸುಗಳನ್ನು ಮಾಡಿದೆ. ಜಾಲಿಯಲ್ಲಿ ಚೇಗನ್ನು, ಅಂದರೆ ನಡುವಿನ ಗಟ್ಟಿ ಕಟ್ಟಿಗೆಯನ್ನು, ಮಾತ್ರ ಉಳಿಸಿಕೊಂಡು ಹೊರಗಿನ ಬಿಳಿಯ ಭಾಗವನ್ನು ಕೆತ್ತಿ ಹಾಕಬೇಕಿತ್ತು, ದುರಾಸೆಯಿಂದ ಕೆತ್ತಲಿಲ್ಲ. ಎಂಟು ತಿಂಗಳೊಳಗೆ ಸಾಸಿವೆಗಿಂತ ಸಣ್ಣ ತೂತುಗಳು ಕಾಣಿಸಿಕೊಂಡು, ಮುಖಕ್ಕೆ ಹಚ್ಚುವ ಪೌಡರಿನಂಥ ಹಿಟ್ಟು ಸುರಿಯತೊಡಗಿತು. ಆರು ಹೊರಸುಗಳು ಮರಳಿ ಬಂದವು. ಹಣ ಹಿಂದಿರುಗಿಸಿ, ಕಟ್ಟಿಗೆಯನ್ನೂ ಕೂಲಿಯನ್ನೂ ಕಳೆದುಕೊಂಡದ್ದು ಒಟ್ಟು ಎಂಟು ಒಂಬತ್ತು ಸಾವಿರ ರೂಪಾಯಿಯಾದರೂ ಇದ್ದೀತು.

ಎಲ್ಲರೂ ಮಾಡುವಂತೆ ನಾನೂ ಮೊದಲು ತೂತುಗಳಿಗೆ ಸೀಮೆ ಎಣ್ಣೆ ಬಿಟ್ಟೆ. ಹಿಟ್ಟು ಎರಡು ವಾರ ನಿಂತು ಮತ್ತೆ ಶುರುವಾಯಿತು. ಆ ವಾಸನೆಗೆ ನಾಯಿಗಳು ಹೊರಸನ್ನೇ ಹತ್ತಲಿಲ್ಲ. ಬಳಿಕ ಅಂಗಡಿಯವರ ಮಾತು ಕೇಳಿ ಗೆದ್ದಲಿನ ಔಷಧ ಬಳಿದು ನಾಲ್ಕು ದಿನ ಒಣಗಿಸಿದೆ. ಹಲ್ಲು ಬರುತ್ತಿದ್ದ ಮರಿಯೊಂದು ಪಟ್ಟಿಯ ಮೂಲೆಯನ್ನು ಕಡಿದು, ಸಂಜೆಯ ಹೊತ್ತಿಗೆ ಜೊಲ್ಲು ಸುರಿಸುತ್ತ ವಾಂತಿ ಮಾಡಿಕೊಂಡಿತು. ಮರಿ ಉಳಿಯಿತು, ಆದರೆ ಚಿಕಿತ್ಸೆಗೆ ಎರಡು ಸಾವಿರದಷ್ಟು ಖರ್ಚಾಯಿತು. ಮನುಷ್ಯ ಮಂಚವನ್ನು ನೆಕ್ಕುವುದಿಲ್ಲ, ನಾಯಿ ನೆಕ್ಕುತ್ತದೆ. ಈ ಸಣ್ಣ ಸಂಗತಿ ನನಗೆ ಹೊಳೆದದ್ದು ಅಂದೇ. ಬೆಕ್ಕಿರುವ ಮನೆಯಲ್ಲಂತೂ ಪರ್ಮೆಥ್ರಿನ್ ಇರುವ ಔಷಧವನ್ನು ಒಳಗೇ ತರಬಾರದು, ಏಕೆಂದರೆ ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಡಾಂಬರು ಗುಳಿಗೆಯೂ ನಾಯಿ ಬೆಕ್ಕುಗಳೆರಡಕ್ಕೂ ವಿಷವೇ.

ಉಪಾಯ ಹೊಳೆದದ್ದು ಸರಕು ಪೇರಿಸುವ ಕಟ್ಟಿಗೆಯ ಚೌಕಟ್ಟಾದ ಒಂದು ಹಳೆಯ ಪ್ಯಾಲೆಟ್‌ನಿಂದ. ಹೊರದೇಶಕ್ಕೆ ಸರಕು ಹೋಗುವ ಕಟ್ಟಿಗೆಯ ಮೇಲೆ ಹೆಚ್ಚಾಗಿ ‘ಎಚ್‌ಟಿ’ ಎಂಬ ಮುದ್ರೆ ಇರುತ್ತದೆ; ಹುಳು ಸಾಯಲೆಂದು ತಿರುಳಿನವರೆಗೂ 56 ಡಿಗ್ರಿ ಕಾವನ್ನು 30 ನಿಮಿಷ ಕೊಟ್ಟಿದ್ದಾರೆಂಬುದು ಅದರ ಅರ್ಥ. ಏಪ್ರಿಲ್‌ನಲ್ಲಿ ನಮ್ಮ ಮಾಳಿಗೆಯ ಮೇಲೆ ಇಷ್ಟು ಕಾವು ಹುಟ್ಟಿಸುವುದು ಕಷ್ಟವೇ ಎಂದು ಕೇಳಿದಾಗ, ನನಗೆ ಕೆಲಸ ಕಲಿಸಿದ ಹಿರಿಯರು, “ಈ ಬಿಸಲಾಗ ನಾವ ಸತ್ತಿಲ್ಲ, ಹುಳ ಎಲ್ಲಿ ಸಾಯ್ತಾವೋ ತಮ್ಮಾ” ಎಂದು ನಕ್ಕರು.

ಮೊದಲ ಬೇಸಿಗೆಯಲ್ಲಿ ಅವರ ಮಾತೇ ನಿಜವಾಯಿತು. ಬರೀ ಬಿಸಿಲಿಗೆ ಇಟ್ಟ ಕಾಲುಗಳು ಮುಟ್ಟಿದರೆ ಸುಡುತ್ತಿದ್ದವು, ಆದರೆ ಸೀಳಿ ನೋಡಿದಾಗ ಒಳಗೆ ಮರಿಹುಳುಗಳು ಹೊರಳಾಡುತ್ತಿದ್ದವು. ಇನ್ನೂರೈವತ್ತು ರೂಪಾಯಿಯ, ಸೂಜಿಯಂಥ ಮೊನೆಯಿರುವ ತಾಪಮಾಪಕವನ್ನು ತರಿಸಿ ನೋಡಿದರೆ ತಿರುಳಿನಲ್ಲಿ ಇದ್ದದ್ದು 43 ಡಿಗ್ರಿ ಮಾತ್ರ. ಬೀಸುವ ಗಾಳಿ ಕಾವನ್ನೆಲ್ಲ ಒಯ್ಯುತ್ತಿತ್ತು. ಎರಡನೆಯ ಸಲ ತಗಡಿನ ಪೆಟ್ಟಿಗೆಯಲ್ಲಿ ಹಾಕಿ ಗಾಜು ಮುಚ್ಚಿದೆ. ಕಾವೇನೋ ಏರಿತು, ಆದರೆ ತೇವ ಒಮ್ಮೆಲೇ ಆರಿ ಮೂರು ಕಾಲುಗಳು ಉದ್ದಕ್ಕೂ ಸೀಳಿದವು, ಬಿಳಿ ಅಂಟಿನ ಸೇರುವೆಗಳು ಸಡಿಲವಾದವು.

ಈಗ ಹಗ್ಗ ಬಿಚ್ಚಿ, ಕಾಲು ಪಟ್ಟಿಗಳನ್ನು ಬೇರ್ಪಡಿಸಿ, ಹಳೆಯ ಧೋತರದಲ್ಲಿ ಸುತ್ತಿ, ಕರಿ ಪಾಲಿಥೀನ್ ಚೀಲದಲ್ಲಿ ಗಾಳಿಯಾಡದಂತೆ ಬಾಯಿ ಕಟ್ಟುತ್ತೇನೆ. ಕಟ್ಟಿಗೆಯ ತೇವ ಚೀಲದೊಳಗೇ ಉಳಿಯುವುದರಿಂದ ಸೀಳು ಬಿಡುವುದಿಲ್ಲ. ಕೆಳಗೆ ಥರ್ಮೋಕೋಲ್, ಅದರ ಮೇಲೆ ಕರಿ ಬಣ್ಣದ ತಗಡು, ತಗಡಿನ ಮೇಲೆ ಚೀಲ, ಎಲ್ಲಕ್ಕೂ ಮೇಲೆ ಗೇಣುದ್ದ ಎತ್ತರದಲ್ಲಿ ಬಿಸಿಲು ತೂರುವ ಪಾರದರ್ಶಕ ಪಾಲಿಥೀನಿನ ಗುಡಾರ. ಅಷ್ಟೇ ದಪ್ಪದ ಒಂದು ರದ್ದಿ ಕಾಲಿಗೆ ನಡುವಿನವರೆಗೆ ತೂತು ಕೊರೆದು, ತಾಪಮಾಪಕದ ಮೊನೆಯನ್ನು ಅದರಲ್ಲಿ ಸಿಕ್ಕಿಸಿ ಜೊತೆಗೇ ಚೀಲಕ್ಕೆ ಹಾಕುತ್ತೇನೆ. ಗಿರಾಕಿಯ ಮಾಲಿಗೆ ತೂತು ಬೀಳುವುದಿಲ್ಲ. ಮೂರು ಇಂಚಿನ ಕಾಲಿನ ತಿರುಳು ಮಧ್ಯಾಹ್ನ ಒಂದೂವರೆಗೆ 56 ದಾಟಿ, ಎರಡು ತಾಸು ಅದರ ಮೇಲೆಯೇ ನಿಲ್ಲುತ್ತದೆ. ಒಂದು ದಿನ 61 ಮುಟ್ಟಿದ್ದನ್ನೂ ನೋಡಿದ್ದೇನೆ. ಮಗ್ಗಲು ಬದಲಿಸಿ ಮರುದಿನವೂ ಕಾಯಿಸುತ್ತೇನೆ, ನಂಬಿಕೆ ಸಾಲದೆ. ಗುಡಾರದ ಅಂಚುಗಳಿಗೆ ಕಲ್ಲು ಹೇರುವ ಮೊದಲು ಒಳಗೆ ಬೆಕ್ಕು ಸೇರಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ನಮ್ಮದು ಒಮ್ಮೆ ಸೇರಿತ್ತು.

ನಡುವೆ ಬೇರೆ ಪ್ರಯೋಗಗಳೂ ಆದವು. ನೀರಿನ ಬಟ್ಟಲಿಡುವ ಸಣ್ಣ ಸ್ಟ್ಯಾಂಡನ್ನು ಚೀಲದಲ್ಲಿ ಕಟ್ಟಿ, ಐಸ್‌ಕ್ರೀಮ್ ಮಾರುವ ಗೆಳೆಯನ ಡೀಪ್ ಫ್ರೀಜರ್‌ನಲ್ಲಿ ಮೈನಸ್ 18ರಲ್ಲಿ ಎರಡು ವಾರ ಇಟ್ಟಾಗ ಹುಳು ಸತ್ತವು, ಆದರೆ ಹೊರಸು ಅದರಲ್ಲಿ ಹಿಡಿಯುವುದಿಲ್ಲ. ಬಿಳಿಗಾರವನ್ನು ಬಿಸಿನೀರಿನಲ್ಲಿ ಕರಗಿಸಿ ಹಸಿ ಕಟ್ಟಿಗೆಗೆ ಕುಡಿಸುವುದೂ ಒಳ್ಳೆಯ ಉಪಾಯವೇ. ಹೊಟ್ಟೆಗೆ ಹೋದರೆ ಅದೂ ಕೆಡುಕಾದ್ದರಿಂದ ಕಡಿಯುವ ನಾಯಿಯ ಸಾಮಾನಿಗೆ ಹಾಕುವುದನ್ನು ಬಿಟ್ಟೆ. ಹಿರಿಯರ ಪದ್ಧತಿಯಂತೆ ಮಾವಿನ ಹಲಗೆಗಳನ್ನು ಮೂರು ತಿಂಗಳು ತೊಟ್ಟಿಯಲ್ಲಿ ನೆನೆಹಾಕಿದಾಗ ಹುಳು ಕಡಿಮೆಯಾಯಿತೆಂಬುದು ನಿಜ, ನೀರು ನಾರಿ ಓಣಿಯವರು ಜಗಳಕ್ಕೆ ಬಂದದ್ದೂ ನಿಜ.

ಕಾವು ಇದ್ದ ಹುಳುವನ್ನು ಕೊಲ್ಲುತ್ತದೆಯೇ ಹೊರತು ನಾಳೆ ಬರುವುದನ್ನು ತಡೆಯುವುದಿಲ್ಲ. ಹೆಣ್ಣು ಹುಳು ಕಟ್ಟಿಗೆಯ ತೆರೆದ ರಂಧ್ರಗಳಲ್ಲಿ ಮೊಟ್ಟೆಯಿಡುವುದರಿಂದ, ಹಳೆಯ ತೂತುಗಳಿಗೆ ಜೇನುಮೇಣ ತುಂಬಿ, ಗಾಣದ ಅಗಸಿ ಎಣ್ಣೆಯನ್ನು ನಾಲ್ಕೈದು ಸಲ ತೀಡುತ್ತೇನೆ. ಬಣ್ಣದಂಗಡಿಯಲ್ಲಿ ಸಿಗುವ ಬೇಗ ಒಣಗುವ ಅಗಸಿ ಎಣ್ಣೆಯಲ್ಲಿ ಲೋಹದ ಲವಣಗಳನ್ನು ಬೆರೆಸಿರುತ್ತಾರಾದ್ದರಿಂದ ಅದು ಬೇಡ. ಕೊನೆಯ ತೀಡಿಕೆಗೆ ಮೇಣವನ್ನೂ ಎಣ್ಣೆಯನ್ನೂ ಯಾವ ಪ್ರಮಾಣದಲ್ಲಿ ಕೂಡಿಸುತ್ತೇನೆ, ಅದು ಹದಿನೈದು ದಿನ ಒಣಗುವ ಬದಲು ಆರೇ ದಿನದಲ್ಲಿ ಒಣಗುವಂತೆ ಏನು ಮಾಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ.

ಗುಡಾರಕ್ಕೆ ಒಮ್ಮೆ ಹಾಕಿದ ಬಂಡವಾಳ ಹದಿನೆಂಟು ನೂರರ ಆಸುಪಾಸು. ಈಗ ಬೇರೆಯವರ ಹೊರಸುಗಳನ್ನೂ ಕಾಯಿಸಿ ಕೊಡುತ್ತೇನೆ. ಒಂದಕ್ಕೆ ಇನ್ನೂರು ರೂಪಾಯಿ, ಹಗ್ಗ ಬಿಗಿಯುವ ಕೂಲಿ ಬೇರೆ. ನಕ್ಕ ಹಿರಿಯರೂ ಹೋದ ಮೇ ತಿಂಗಳಲ್ಲಿ ಒಂದು ಮಣೆ ಕಳಿಸಿದ್ದರು. ಜೂನ್‌ನಲ್ಲಿ ಮೋಡ ಕವಿದ ಮೇಲೆ ತಂದವರಿಗೆ, ಚೀಲ ಕಟ್ಟಿ ಬೇರೆ ಕಟ್ಟಿಗೆಯಿಂದ ದೂರವಿಟ್ಟು ಮಾರ್ಚ್ ತಿಂಗಳಿಗೆ ಬನ್ನಿ ಎಂದು ಹೇಳಿ ಕಳಿಸುತ್ತೇನೆ.